ಮೂರನೇ ಕಲಮು

ನಮ್ಮ ಮನೆತನದ ಗಂಡಸರಿಗೆ ಛಾಪಾ ಕಾಗದದ ಮೇಲೆ ಇರುವಷ್ಟು ಭಕ್ತಿ ದೇವರ ಮೇಲೂ ಇಲ್ಲ. ಬದುವಿನ ಜಗಳ, ಎಮ್ಮೆಯ ಪಾಲು, ಅಣ್ಣತಮ್ಮಂದಿರ ನಡುವಿನ ಗೋಡೆ, ಏನೇ ಇರಲಿ, ನಾಲ್ಕು ಜನ ಜಮಖಾನೆಯ ಮೇಲೆ ಕೂರುತ್ತಾರೆ. ಒಬ್ಬ ಹೇಳುತ್ತಾನೆ, ಒಬ್ಬ ಬರೆಯುತ್ತಾನೆ, ಉಳಿದವರು ಚಹಾ ಕುಡಿಯುತ್ತಾರೆ. ಕೆಳಗೆ ಸಹಿ ಬಿದ್ದರೆ ಲೋಕ ಸರಿಹೋದಂತೆ. ಆಮೇಲೆ ಆ ಕಾಗದವನ್ನು ಯಾರೂ ಓದುವುದಿಲ್ಲ. ನನ್ನ ಅಕ್ಕನಿಗೆ ಗಂಡನಿಂದ ಬೀಳುತ್ತಿದ್ದ ಹೊಡೆತಕ್ಕೂ ಅವರು ಇದೇ ಮದ್ದು ಮಾಡಿದರು. ಬರೆದವನು ನಾನು.

ಹನ್ನೆರಡು ವರ್ಷದ ಹಿಂದಿನ ಮಾತು, ಅಥವಾ ಹದಿಮೂರು. ನಾನಾಗ ಬೆಳಗಾವಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸಕ್ಕಿದ್ದೆ. ಆಮೇಲೆ ಅದನ್ನು ಬಿಟ್ಟೆ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ, ಅದನ್ನೂ ಬಿಟ್ಟೆ, ಮತ್ತೆ ಹಿಡಿದೆ. ಬಾಡಿಗೆ ಮನೆಗಳನ್ನೂ ಹಾಗೆಯೇ ಬದಲಿಸಿದೆ. ಒಂದು ಕಡೆ ನಿಲ್ಲದವನ ನೆನಪೂ ಒಂದು ಕಡೆ ನಿಲ್ಲುವುದಿಲ್ಲವೋ ಏನೋ. ಓದಿದವನೆಂಬ ಕಾರಣಕ್ಕೆ ನಾನು ಎಲ್ಲರ ಮಾತನ್ನೂ ಅನುಮಾನಿಸುತ್ತಿದ್ದೆ. ನನ್ನದನ್ನು ಮಾತ್ರ ತಡವಾಗಿ ಅನುಮಾನಿಸಿದೆ.

ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಭಾವ ಅಲ್ಲಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಕೆಲಸಗಾರರ ಎದುರು ದನಿ ಏರಿಸದ, ಮಾಲೀಕರ ಎದುರು ನೆಟ್ಟಗೆ ನಿಲ್ಲದ ಮನುಷ್ಯ. ಇಡೀ ಧೈರ್ಯವನ್ನು ಮನೆಗೆಂದು ಉಳಿಸಿಟ್ಟುಕೊಂಡಿದ್ದ. ಒಂದು ಭಾನುವಾರ ನಾನು ಬೆಳಗಾವಿಯಿಂದ ಕುಂದಾ ತೆಗೆದುಕೊಂಡು ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಅಕ್ಕನನ್ನು ಹೊಡೆಯುತ್ತಿದ್ದ. ಕೈಯಲ್ಲಿ ಬೆಲ್ಟ್ ಇತ್ತು ಎಂದು ನನ್ನ ನೆನಪು. ಒಮ್ಮೊಮ್ಮೆ ಅದು ನೀರು ಹಾಯಿಸುವ ಪೈಪಿನ ತುಂಡಾಗಿ ಕಾಣುತ್ತದೆ. ಟಿ.ವಿ.ಯಲ್ಲಿ ಯಾವುದೋ ಧಾರಾವಾಹಿ ಜೋರಾಗಿ ನಡೆದಿತ್ತು ಅನಿಸುತ್ತದೆ. ಆದರೆ ಅಕ್ಕ ಹೇಳುವ ಪ್ರಕಾರ ಆ ವರ್ಷ ಅವರ ಮನೆಯಲ್ಲಿ ಟಿ.ವಿ.ಯೇ ಇರಲಿಲ್ಲ. ಒಂದು ಸಂಗತಿ ಮಾತ್ರ ಎಂದೂ ಬದಲಾಗಿಲ್ಲ. ನಾನು ಕುಂದಾದ ಡಬ್ಬಿಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು, ಶಬ್ದ ನಿಲ್ಲುವವರೆಗೆ ಅಲ್ಲೇ ಕೂತೆ. ನಿಂತ ಮೇಲೆ, ಆಗಷ್ಟೇ ಬಂದವನಂತೆ ಕೆಮ್ಮಿ ಬಾಗಿಲು ಬಡಿದೆ.

ಅಕ್ಕ ತವರಿಗೆ ಬಂದಳು. ತಿಂಗಳಾಯಿತು. ಆಗ ನಮ್ಮ ಕಾಕಾ ಮುಂದಾಳತ್ವ ವಹಿಸಿದರು. ಕಾಕಾ ಅಂದರೆ ನನ್ನ ಅಪ್ಪನ ತಮ್ಮ, ನಿವೃತ್ತ ಶಾಲಾ ಮಾಸ್ತರರು. ಊರಿನ ಎಲ್ಲ ರಾಜಿ ಪತ್ರಗಳೂ ಅವರ ಬಾಯಿಂದಲೇ ಹೊರಬೀಳಬೇಕು. ಅಕ್ಕನನ್ನೂ ಕರೆದುಕೊಂಡು ಹೋದೆವು. ಖಾನಾಪುರದ ಭಾವನ ಮನೆಯಲ್ಲಿ ಎರಡೂ ಕಡೆಯ ಏಳೆಂಟು ಗಂಡಸರು ಕೂಡಿದರು. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ಯಾವ ಭಾಷೆಯಲ್ಲೂ ಯಾರೂ ಅಕ್ಕನನ್ನು ಏನೂ ಕೇಳಲಿಲ್ಲ. ಅವಳು ಒಳಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದಳು.

"ಹುಡುಗಿ ಕೈರುಚಿ ಭಾಳ ಛಲೋ ಐತಿ ನೋಡ್ರಿ," ಎಂದ ಭಾವನ ಕಡೆಯ ಹಿರಿಯನೊಬ್ಬ, ಎರಡನೇ ತಾಟು ತೆಗೆದುಕೊಳ್ಳುತ್ತ. "ಇಂಥಾ ಹೆಣ್ತಿ ಇಟಗೊಂಡು ಯಾಕ ತಂಟಾ ಮಾಡ್ತೀಯೋ?"

ಭಾವ ನಾಚಿದವನಂತೆ ತಲೆ ತಗ್ಗಿಸಿ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಕಾಕಾ ಹೇಳಿದರು, ನಾನು ಒಂದು ಬಿಳಿ ಹಾಳೆಯ ಮೇಲೆ ಕರಡು ಬರೆದೆ. ಮೊದಲನೇ ಕಲಮು, ಅಕ್ಕ ಗಂಡನ ಮನೆಗೆ ಹಿಂದಿರುಗತಕ್ಕದ್ದು. ಎರಡನೆಯದು, ಅತ್ತೆ ಮಾವನ ಸೇವೆ ಮಾಡತಕ್ಕದ್ದು. ಮೂರನೆಯದು, ಗಂಡನು ಇನ್ನು ಮುಂದೆ ಹೆಂಡತಿಯನ್ನು ಹೊಡೆಯುವುದಿಲ್ಲ. ಅಲ್ಲಿಗೆ ಭಾವ ತಲೆ ಎತ್ತಿದ.

"ಕಾಕಾರ, ಹಂಗ ಬರದ್ರ ನಾ ಇಲ್ಲೀತನಕ ಹೊಡದೇನಿ ಅಂತ ಒಪ್ಪಿಕೊಂಡಂಗ ಆಗ್ತೈತಲ್ರಿ."

ಆ ಸಭೆಯಲ್ಲಿ ಕಾನೂನು ತಿಳಿದವನು ಅವನೊಬ್ಬನೇ ಎಂದು ಈಗ ಅನಿಸುತ್ತದೆ. ತಾನು ಮಾಡಿದ್ದು ಗುನ್ಹೆ, ಬರೆದರೆ ಅದು ಸಾಕ್ಷಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನಾವು ಉಳಿದವರು ಅದನ್ನು ಮನಸ್ತಾಪ ಎಂದುಕೊಂಡು ಅವಲಕ್ಕಿ ತಿನ್ನುತ್ತಿದ್ದೆವು.

"ಖರೇ ಐತಿ," ಎಂದರು ಹಿರಿಯರು. "ಗಂಡಸನ ಮಾನದ ಪ್ರಶ್ನೆ."

ಕಾಕಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಆ ಸಾಲಿಗೆ ಕಾಟು ಹಾಕಿದರು. ನಾನು "ಬ್ಯಾಡ್ರಿ ಕಾಕಾ, ಅದೊಂದ ಸಾಲಿಗೇ ಈ ಕಾಗದ" ಎಂದೆ. ಅವರು ನನ್ನನ್ನು ಗದರಿಸಿದರು. ಆಮೇಲೆ ಆ ಜಾಗದಲ್ಲಿ ಬೇರೆ ಮಾತು ಬಂತು: 'ಉಭಯತ್ರರೂ ಪರಸ್ಪರ ಸಾಮರಸ್ಯದಿಂದ ಬಾಳತಕ್ಕದ್ದು.' ನಾನು ಅದನ್ನೆಲ್ಲ ಛಾಪಾ ಕಾಗದದ ಮೇಲೆ ಶುದ್ಧವಾಗಿ ನಕಲು ಮಾಡಿದೆ. ಅಕ್ಕನನ್ನು ಕರೆದು ಸಹಿ ಹಾಕಿಸಿದರು. ಇನ್ನು ತನ್ನದು ಯಾವ ತಕರಾರೂ ಇಲ್ಲ ಎಂದು ಅದರಲ್ಲಿತ್ತು. ಅವಳು ಓದದೆ ಸಹಿ ಹಾಕಿ, ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಾಕಾ ಪೆನ್ನು ಕಸಿದುಕೊಂಡ ಈ ಚಿತ್ರವನ್ನು ನಾನು ಹತ್ತು ವರ್ಷ ಜೋಪಾನ ಮಾಡಿದ್ದೆ. ಗೆಳೆಯರಿಗೆ ಹೇಳಿದ್ದೆ. ತರಗತಿಯಲ್ಲಿ ಕುಟುಂಬ ವ್ಯವಸ್ಥೆಯ ಪಾಠ ಮಾಡುವಾಗ ಹೆಸರು ಹೇಳದೆ ಉದಾಹರಣೆ ಕೊಟ್ಟಿದ್ದೆ. ಹುಡುಗಿಯರು ತಲೆ ಅಲ್ಲಾಡಿಸುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಸಾಮರಸ್ಯ ನಡೆಯಿತು. ಅಂದರೆ ಅವನು ಹೊಡೆಯುತ್ತಿದ್ದ, ಅವಳು ಹೇಳುತ್ತಿರಲಿಲ್ಲ. ಕಾಕಾ ತೀರಿಕೊಂಡರು. ಅತ್ತೆ ಮಾವ ತೀರಿಕೊಂಡರು. ಹೋದ ವರ್ಷದ ಹಿಂದಿನ ವರ್ಷ ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ಬಸ್ಸು ಹತ್ತಿ ಬೆಳಗಾವಿಗೆ ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅದು ಮಣಿಕಟ್ಟಿನ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ನೆಹರು ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೇಗಾಯಿತು ಎಂದು ವೈದ್ಯೆ ಕೇಳಿದಳು. ನಾನು ಕೈಯಲ್ಲಿದ್ದ ಚೀಟಿಯ ನಂಬರು ನೋಡುತ್ತ ನಿಂತೆ.

"ಗಂಡ ಹೊಡದಾನ್ರಿ," ಎಂದಳು ಅಕ್ಕ. "ಒನಕಿಲೆ. ಹಂಗ ಬರ್ಕೋರಿ."

ಹಾಗೆಯೇ ಬರೆದುಕೊಂಡರು. ಆಸ್ಪತ್ರೆಯಿಂದಲೇ ಪೊಲೀಸರಿಗೆ ಸುದ್ದಿ ಹೋಯಿತು. ಮೂರು ದಿನದ ಮೇಲೆ ಖಾನಾಪುರ ಠಾಣೆಯಲ್ಲಿ ಅವಳು ಫಿರ್ಯಾದಿ ಕೊಟ್ಟಳು, ತನ್ನ ಬಾಯಿಯಿಂದಲೇ, ಯಾರಿಂದಲೂ ಬರೆಸಿಕೊಳ್ಳದೆ. ಹೆಂಡತಿಗೆ ಕ್ರೌರ್ಯ ಎಸಗಿದ್ದಕ್ಕೆ ಒಂದು ಕಲಂ, ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಮೂಳೆ ಮುರಿದಿದ್ದಕ್ಕೆ ಇನ್ನೊಂದು, ಅದಕ್ಕೆ ಏಳು ವರ್ಷದವರೆಗೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಇದು ಅಂದಿನವರೆಗೆ ಗೊತ್ತಿರಲಿಲ್ಲ. ಪಿತೃಪ್ರಧಾನತೆಯ ಬಗ್ಗೆ ಎರಡು ತಾಸು ಮಾತಾಡಬಲ್ಲ ನನಗೆ, ಹೆಂಡತಿಯ ಕೈ ಮುರಿದರೆ ಎಷ್ಟು ವರ್ಷ ಎಂದು ಯಾರಾದರೂ ಕೇಳಿದ್ದರೆ ಛಾವಣಿ ನೋಡುತ್ತಿದ್ದೆ.

ಭಾವ ಎರಡು ವಾರ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಪ್ರಕರಣದ ಕಾಗದದ ಮೇಲೆ 'ಸರ್ಕಾರ ವಿರುದ್ಧ' ಎಂದು ಬರೆದು ತನ್ನ ಹೆಸರು ಹಾಕಿದ್ದನ್ನು ನೋಡಿ ಅವನಿಗೆ ಆಘಾತವಾಯಿತಂತೆ. ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ: "ನಾ ಸರ್ಕಾರಕ್ಕ ಏನ ಮಾಡೇನ್ರಿ? ನಾ ನನ್ನ ಹೆಣ್ತಿಗೆ ಹೊಡದೇನಿ." ಹೀಗೆ ಹೇಳಿದರೆ ತಪ್ಪೊಪ್ಪಿಕೊಂಡಂತೆ ಆಗುತ್ತದೆ ಎಂದು ಅವನ ವಕೀಲ ಬಾಯಿ ಮುಚ್ಚಿಸಿದ. ಆಮೇಲೆ ಇಬ್ಬರೂ ಸೇರಿ ಆ ಛಾಪಾ ಕಾಗದವನ್ನು ಹೊರಗೆ ತೆಗೆದರು. ಹೆಂಡತಿಯೇ ಸಹಿ ಹಾಕಿದ್ದಾಳೆ, ಹೊಡೆತದ ಮಾತೇ ಅದರಲ್ಲಿಲ್ಲ, ಅವರದು ಸಾಮರಸ್ಯದ ಸಂಸಾರ, ಕೈ ಮುರಿದದ್ದು ಅಂಗಳದಲ್ಲಿ ಜಾರಿ ಬಿದ್ದು, ಉಳಿದದ್ದೆಲ್ಲ ತಮ್ಮನ ಚಿತಾವಣೆ ಎಂಬುದು ಅವರ ವಾದ. ಬರೆದ ತಮ್ಮನ ಅಕ್ಷರವೇ ಅದಕ್ಕೆ ಆಧಾರ.

ಠಾಣೆಯ ಮಹಿಳಾ ಪಿ.ಎಸ್.ಐ. ನನ್ನ ಹೇಳಿಕೆ ತೆಗೆದುಕೊಂಡರು. ಅವರಿಗೆ ನನಗಿಂತ ಹತ್ತು ವರ್ಷ ಕಡಿಮೆ ವಯಸ್ಸು, ನೂರು ಪಟ್ಟು ಹೆಚ್ಚು ತಾಳ್ಮೆ. ನಾನು ಕಾಕಾ ಪೆನ್ನು ಕಸಿದುಕೊಂಡ ಕತೆಯನ್ನು ಸವಿಸ್ತಾರವಾಗಿ ಹೇಳಿದೆ. ಅವರು ಬರೆದುಕೊಂಡರು.

"ಮತ್ತ ಆ ಕಾಗದ ಇದ್ರ ಕೇಸ್ ಬೀಳ್ತೈತೇನ್ರಿ?" ಎಂದು ಕೇಳಿದೆ.

"ನೋಡ್ರಿ ಸರ, ಹೊಡದದ್ದು ಗುನ್ಹೆ. ಗುನ್ಹೆ ಮಾಫ್ ಮಾಡಾಕ ನಿಮ್ಮ ಕಾಕಾ ಯಾರು? ನಿಮ್ಮಕ್ಕ ತಾನ ಸಹಿ ಮಾಡಿ ಮಾಫ್ ಅಂದ್ರೂ ಈ ಕಲಂ ಹಂಗ ರಾಜಿ ಆಗೂದಿಲ್ಲ. ಆದ್ರ ಅವರ ವಕೀಲ ಅದನ್ನ ಹಿಡಕೊಂಡು ನಿಮ್ಮಕ್ಕ ಸುಳ್ಳು ಹೇಳ್ತಾಳ ಅಂತ ತೋರಸ್ತಾನ. ಅದಕ್ಕ ಕಾಗದ ಹೆಂಗ ತಯಾರಾತು ಅಂತ ಯಾರರ ಕೋರ್ಟಿನ್ಯಾಗ ಹೇಳಬೇಕು. ಅಲ್ಲಿದ್ದವರೊಳಗ ನಿಮ್ಮ ಕಡೆಯಿಂದ ಜೀವಂತ ಇರೂದು ನೀವೊಬ್ರ."

ಉಳಿದದ್ದು ಅಷ್ಟೇ. ಅಕ್ಕನ ಮಾತನ್ನು ನ್ಯಾಯಾಲಯ ನಂಬಬೇಕಾದರೆ, ಆ ಕಾಗದ ಸುಳ್ಳು ಎಂದು ಅದನ್ನು ಬರೆದವನೇ ಹೇಳಬೇಕು. ಅವನ ಮಾತು ನಂಬುವಂತಿರಬೇಕು.

ಒಂದು ತಿಂಗಳ ಮೇಲೆ ಪಿ.ಎಸ್.ಐ. ಮತ್ತೆ ಕರೆದರು. ಹೋದಾಗ ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಕೈಗೆ ಹಾಕಿದ್ದ ಪ್ಲಾಸ್ಟರ್ ತೆಗೆದಿದ್ದರು. ಮಣಿಕಟ್ಟು ನೆಟ್ಟಗೆ ಕೂಡಿರಲಿಲ್ಲ. ಮೇಜಿನ ಮೇಲೆ ಒಂದು ಬಿಳಿ ಹಾಳೆ ಇತ್ತು, ನಾಲ್ಕು ಮಡಿಕೆಯ ಗೆರೆ ಬಿದ್ದು ಹಳದಿಯಾದದ್ದು, ಮೂಲೆಯಲ್ಲಿ ಎಣ್ಣೆಯ ಕಲೆ. ಆ ದಿನದ ಕರಡು. ಸಭೆ ಮುಗಿದ ಮೇಲೆ ಅವಲಕ್ಕಿಯ ತಾಟಿನ ಕೆಳಗೆ ಸಿಕ್ಕಿದ್ದನ್ನು ಅಕ್ಕ ತೆಗೆದುಕೊಂಡು, ಟ್ರಂಕಿನಲ್ಲಿ ಹಾಸಿದ ಪತ್ರಿಕೆಯ ಕೆಳಗೆ ಇಟ್ಟಿದ್ದಳು.

"ಯಾಕ ಇಟಗೊಂಡಿದ್ದಿ?" ಎಂದೆ.

"ಅದರಾಗ ಒಂದ ಸಾಲ ಖರೇ ಇತ್ತು," ಎಂದಳು. "ಅದಕ್ಕ."

ಪಿ.ಎಸ್.ಐ. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮೂರನೇ ಕಲಮಿನ ಮೇಲೆ ಒಂದು ತೆಳ್ಳನೆಯ ನೇರ ಗೆರೆ. ಗೆರೆಯ ತುದಿ ಅಂಚಿನ ಖಾಲಿ ಜಾಗಕ್ಕೆ ಹೋಗಿ ಒಂದು ಕುಣಿಕೆಯಾಗಿ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಸಣ್ಣ, ಅಂದವಾದ ಅಕ್ಷರದಲ್ಲಿ 'ಉಭಯತ್ರರೂ ಪರಸ್ಪರ ಸಾಮರಸ್ಯದಿಂದ'.

"ಕಾಕಾ ಕಾಟು ಹಾಕಿದ್ರು ಅಂದಿದ್ರಿ. ಈ ಸುತ್ತಿದ್ದ ಗುರುತು ಏನ್ರಿ ಸರ?"

ಅದು ನನಗೆ ನೋಡಿದ ಕ್ಷಣ ಗೊತ್ತಾಯಿತು. ಛಾಪಖಾನೆಯಲ್ಲಿ ಕರಡು ತಿದ್ದುವವರು ಒಂದು ಮಾತನ್ನು ತೆಗೆಯಬೇಕಾದರೆ ಹಾಗೆ ಗೆರೆ ಎಳೆದು ಅಂಚಿನಲ್ಲಿ ಕುಣಿಕೆ ಹಾಕುತ್ತಾರೆ. ಅಕ್ಷರ ಜೋಡಿಸುವವನಿಗೆ ಅದು ಸೂಚನೆ. ಶಾಲೆಯ ಮಾಸ್ತರರು ಹಾಗೆ ಹಾಕುವುದಿಲ್ಲ. ಅವರು ಅಡ್ಡಕ್ಕೊಂದು ಉದ್ದಕ್ಕೊಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ಆ ಕೋಣೆಯಲ್ಲಿ ಅಂದು ಆ ಗುರುತು ಬಲ್ಲವನು ಒಬ್ಬನೇ ಇದ್ದ.

ನಾನು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದೆ. ಸತ್ತವರು ಬಂದು ಇಲ್ಲ ಎನ್ನುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ ಎಂದರೆ ತಪ್ಪಾಗದು.

"ಅದು ನನ್ನ ತಮ್ಮಂದ್ರಿ," ಎಂದಳು ಅಕ್ಕ, ಬೆಂಚಿನಿಂದಲೇ. "ನನ್ನ ಲಗ್ನಪತ್ರಿಕಿ ಪ್ರೂಫ್ ಬಂದಾಗೂ ಹಂಗ ಹಾಕಿದ್ದ. ಮಾವನ ಹೆಸರಿನ ಮುಂದಿನ ಒಂದು ಶ್ರೀ ಜಾಸ್ತಿ ಆತು ಅಂತ."

ಪಿ.ಎಸ್.ಐ. ನನ್ನ ಮುಖ ನೋಡಿದರು. ನಾನು ಹೌದೆಂದೆ.

ಆಮೇಲೆ ಬೆಳಗಾವಿಗೆ ಬಂದು ಕೋಟೆ ಕೆರೆಯ ಸುತ್ತ ಎಷ್ಟು ಸುತ್ತು ಹಾಕಿದೆನೋ. ಕಾಕಾ ಪೆನ್ನು ಕಸಿದುಕೊಂಡದ್ದು ಆಗಲೂ ನನ್ನ ಕಣ್ಣಿಗೆ ಕಾಣುತ್ತಿತ್ತು. ಅವರ ಬೆರಳಿನ ಉಂಗುರ, ನನ್ನ ದನಿಯ ನಡುಕ, ಎಲ್ಲವೂ. ಯಾವುದೂ ನಡೆದಿರಲಿಲ್ಲ. ನಡೆದದ್ದು ಇಷ್ಟು: ಭಾವ ಆಕ್ಷೇಪಿಸಿದ. ಹಿರಿಯರು ತಲೆದೂಗಿದರು. ವಾಕ್ಯ ಸರಿಯಿಲ್ಲವೆಂದು ನನಗೂ ಅನಿಸಿ, ಅಭ್ಯಾಸಬಲದಿಂದ ಗೆರೆ ಎಳೆದು, ಅದಕ್ಕಿಂತ ಚಂದದ್ದನ್ನು ಬರೆದೆ. 'ಪರಸ್ಪರ ಸಾಮರಸ್ಯ' ಎಂಬ ಮಾತು ಕಾಕಾರ ಬಾಯಲ್ಲಿ ಎಂದೂ ಬಂದದ್ದಲ್ಲ. ಅದು ವಿಶ್ವವಿದ್ಯಾಲಯದ್ದು. ಒಬ್ಬ ಹೊಡೆಯುವುದನ್ನೂ ಒಬ್ಬಳು ಹೊಡೆಸಿಕೊಳ್ಳುವುದನ್ನೂ ಒಂದೇ ಮಾತಿನಲ್ಲಿ ಕಟ್ಟಿಕೊಡಲು ನನ್ನಂಥ ಓದಿದವನೇ ಬೇಕಾಗಿತ್ತು. ಯಾರೋ "ಎಂ.ಎ. ಮಾಡಿದ್ದು ಸಾರ್ಥಕ ಆತು ನೋಡ" ಎಂದದ್ದು ಈಗ ನೆನಪಾಗುತ್ತಿದೆ. ಅದನ್ನೂ ನಾನೇ ಹುಟ್ಟಿಸಿರಬಹುದು.

ಈ ನಡುವೆ ಅಕ್ಕ ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ಬೇರೆ ಅರ್ಜಿ ಹಾಕಿ ರಕ್ಷಣಾ ಆದೇಶ ಪಡೆದಿದ್ದಳು. ಅವಳು ಅದೇ ಮನೆಯಲ್ಲಿರಬಹುದು, ಅವನು ಅಲ್ಲಿಗೆ ಬರುವಂತಿಲ್ಲ, ಅವಳನ್ನು ಮಾತಾಡಿಸುವಂತಿಲ್ಲ. ಮೀರಿದರೆ ಅದೇ ಒಂದು ಹೊಸ ಅಪರಾಧ. ಅವನು ಕಣಕುಂಬಿಯ ಕಡೆ ತನ್ನ ಅಣ್ಣನ ಮನೆಗೆ ಹೋಗಿ ಬಿದ್ದುಕೊಂಡ. "ನನ್ನ ಮನಿಗೆ ನಾ ಹೋಗಾಕ ಯಾರ ಪರ್ಮಿಶನ್ ಬೇಕು?" ಎಂದು ಅಲ್ಲಿಯ ಚಹಾದಂಗಡಿಯಲ್ಲಿ ಕೇಳುತ್ತಿದ್ದನಂತೆ. ನ್ಯಾಯಾಧೀಶರ ಪರ್ಮಿಶನ್ ಬೇಕು ಎಂದು ಉತ್ತರಿಸುವ ಗೋಜಿಗೆ ಅಲ್ಲಿ ಯಾರೂ ಹೋಗಲಿಲ್ಲ.

ನನ್ನ ಸಾಕ್ಷಿ ಖಾನಾಪುರದ ನ್ಯಾಯಾಲಯದಲ್ಲಿ, ಊಟದ ವೇಳೆಗೆ ಮುಂಚೆ. ಸರ್ಕಾರಿ ವಕೀಲರು ಮೊದಲೇ ಹೇಳಿದ್ದರು: "ಪೊಲೀಸರ ಮುಂದ ಮೊದಲ ಒಂದ ಹೇಳೀರಿ, ಆಮ್ಯಾಲೆ ಒಂದ ಹೇಳೀರಿ. ಅಲ್ಲೇ ಹಿಡೀತಾರ ನಿಮ್ಮನ್ನ. ತಡವರಸಬ್ಯಾಡ್ರಿ." ಅಲ್ಲೇ ಹಿಡಿದರು. ಭಾವನ ವಕೀಲರು ಎರಡೂ ಹೇಳಿಕೆಗಳನ್ನು ಕೈಯಲ್ಲಿ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪಾಟಿ ಸವಾಲು ಶುರು ಮಾಡಿದರು.

"ಮೊದಲ ಕಾಕಾ ಅಂದ್ರಿ. ಕಾಕಾ ಹೋದ್ರು. ಈಗ ನಾ ಅಂತೀರಿ. ಯಾವದು ಸುಳ್ಳು?"

"ಮೊದಲನೇದು."

"ಅಂದ್ರ ಪೊಲೀಸರಿಗೆ ಸುಳ್ಳು ಹೇಳಿದ್ರಿ."

"ನನಗ ಹಂಗ ನೆನಪಿತ್ರಿ. ನೆನಪು ತಪ್ಪಿತ್ತು. ಕಾಗದ ನೋಡಿದ ಮ್ಯಾಲೆ ಗೊತ್ತಾತು."

"ಬೆಲ್ಟಿಲೆ ಹೊಡದದ್ದು ನೋಡೀರೇನು? ಅದರ ನೆನಪೈತೋ ಇಲ್ಲೋ?"

ಬೆಲ್ಟ್ ಎಂದರೆ ಕೆಲಸ ಸುಲಭವಾಗುತ್ತಿತ್ತು. ಸರ್ಕಾರಿ ವಕೀಲರು ನನ್ನನ್ನೇ ನೋಡುತ್ತಿದ್ದರು. "ಹೊಡದದ್ದು ನೋಡೇನಿ. ಬೆಲ್ಟೋ ಪೈಪೋ ಖಾತ್ರಿ ಇಲ್ಲ," ಎಂದೆ. "ನಾ ಒಳಗ ಹೋಗಲಿಲ್ಲ. ಮುಗಿಯೂತನಕ ಕಟ್ಟಿ ಮ್ಯಾಲೆ ಕುಂತಿದ್ದೆ."

"ಎಂ.ಎ. ಓದೀರಿ. ಅಕ್ಕಗ ಹೊಡೆಯೂದು ನೋಡಕೋತ ಕುಂತೆ, ಆಮ್ಯಾಲೆ ಸುಳ್ಳು ಕಾಗದ ಬರದೆ, ಅಂತ ಹೇಳಾಕ ನಾಚಿಕಿ ಬರೂದಿಲ್ಲೇನ್ರಿ?"

"ಬರ್ತೈತ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಟೈಪು ಮಾಡುವವರ ಕಡೆ ತಿರುಗಿ, ಮೂರನೇ ಕಲಮಿನಲ್ಲಿದ್ದ 'ಹೊಡೆಯುವುದಿಲ್ಲ' ಎಂಬ ಮಾತನ್ನು ಆರೋಪಿಯ ಆಕ್ಷೇಪಣೆಯ ಮೇಲೆ ತಾನೇ ತೆಗೆದೆನೆಂದು ಸಾಕ್ಷಿ ಹೇಳುತ್ತಾನೆ ಎಂದು ನಿಧಾನವಾಗಿ ಬರೆಸಿದರು. ಭಾವ ಆರೋಪಿಯ ಜಾಗದಲ್ಲಿ ನಿಂತು, ಅಂದಿನ ಹಾಗೆಯೇ ತಲೆ ತಗ್ಗಿಸಿದ್ದ. ಈ ಸಲ ಅವನಿಗೆ ಯಾರೂ ಅವಲಕ್ಕಿ ಕೊಡಲಿಲ್ಲ.

ತೀರ್ಪು ಇನ್ನೂ ಬಂದಿಲ್ಲ. ನನ್ನ ಮಾತು ಅಕ್ಕನಿಗೆ ನೆರವಾಯಿತೋ ಕೆಡಿಸಿತೋ ಹೇಳಲಾರೆ.

ಅಂದು ಸಾಕ್ಷಿ ಮುಗಿಸಿ ಹೊರಗೆ ಬಂದಾಗ ಅಕ್ಕ ಮೊಗಸಾಲೆಯಲ್ಲಿ ಕಾಯುತ್ತಿದ್ದಳು. ಹೇಗಾಯಿತು ಎಂದು ಕೇಳಲಿಲ್ಲ. ಎರಡು ದಿನದ ಹಿಂದೆ ಭಾವ ಆದೇಶ ಮೀರಿ ಮನೆಯ ಮುಂದೆ ಬಂದು ನಿಂತಿದ್ದನಂತೆ. ಅದನ್ನು ಸಂರಕ್ಷಣಾಧಿಕಾರಿಗೆ ಬರೆದು ಕೊಡಬೇಕಿತ್ತು. ಬಲಗೈಯಲ್ಲಿ ಉದ್ದಕ್ಕೆ ಬರೆಯಲು ಅವಳಿಗೆ ಆಗುವುದಿಲ್ಲ.

"ನಾ ಹೇಳ್ತೇನಿ, ನೀ ಬರಿ. ತಿದ್ದಬ್ಯಾಡ."

ನಾನು ಮೆಟ್ಟಿಲ ಮೇಲೆ ಕೂತು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡೆ. ಅವಳು ಹೇಳುತ್ತ ಹೋದಳು. ಯಾವ ದಿನ, ಎಷ್ಟು ಹೊತ್ತಿಗೆ, ಗೇಟಿನ ಯಾವ ಕಡೆ ನಿಂತಿದ್ದ, ಯಾರು ನೋಡಿದರು. ಬರೆದು ಮುಗಿಸಿ ಕೊಟ್ಟೆ. ಅವಳು ಎಡಗೈಯಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಸಾಲು ಓದಿದಳು. ಒಂದು ಕಡೆ ನಿಂತಳು.

"ಇಲ್ಲಿ ಏನ ಬರದಿ?"

ನಾನು ಓದಿದೆ. "'ಬೆದರಿಕೆಯ ಧಾಟಿಯಲ್ಲಿ ಮಾತನಾಡಿದರು.'"

"ನಾ ಏನ ಅಂದೆ?"

ಇನ್ನೊಂದ ಕೈನೂ ಮುರೀತೇನಿ ಅಂದ ಎಂದು ಅವಳು ಹೇಳಿದ್ದಳು. ಕಾಲು ತಾಸೂ ಆಗಿರಲಿಲ್ಲ. ಅದನ್ನು ಯಾವಾಗ ಬದಲಿಸಿದೆ ಎಂದು ನನಗೆ ತಿಳಿಯಲಿಲ್ಲ. ಬದಲಿಸಿದ ನೆನಪೇ ಇರಲಿಲ್ಲ. ಪೆನ್ನು ತೆಗೆದು ಆ ಸಾಲಿಗೆ ಗೆರೆ ಎಳೆಯಲು ಹೋದೆ.

"ಬಿಡು," ಎಂದು ಅವಳು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು. ನಾಲ್ಕು ಮಡಿಕೆ ಮಾಡಿ ತನ್ನ ಚೀಲದೊಳಗೆ ಇಟ್ಟುಕೊಂಡಳು. "ಹೊಸಾ ಹಾಳಿ ತಗೋ. ಮೊದಲಿಂದ ಹೇಳ್ತೇನಿ."